ಚಂದ್ರ ಎಲ್ಲರವನು, ಸಾಲು ಯಾರದು? ಪ್ರೇಮಗೀತೆ, ಯಂತ್ರ ಮತ್ತು ಕಾನೂನು

2025ರ ನವೆಂಬರ್‌ನಲ್ಲಿ ಒಂದು ವಾರದ ಅಂತರದಲ್ಲಿ ಎರಡು ತೀರ್ಪು ಬಂದವು. ನವೆಂಬರ್ 4ರಂದು ಲಂಡನ್ ಹೈಕೋರ್ಟ್, ಚಿತ್ರ ಬರೆಯುವ ಎಐ ಮಾದರಿ ತನ್ನೊಳಗೆ ಮೂಲ ಕೃತಿಗಳ ಪ್ರತಿ ಇಟ್ಟುಕೊಂಡಿಲ್ಲ, ಆದ್ದರಿಂದ ಮಾದರಿಯನ್ನೇ ಕದ್ದ ಪ್ರತಿ ಎನ್ನಲಾಗದು ಎಂದಿತು. ನವೆಂಬರ್ 11ರಂದು ಜರ್ಮನಿಯ ಮ್ಯೂನಿಕ್ ನ್ಯಾಯಾಲಯ ಹೇಳಿದ್ದು ಬೇರೆ. ಸಂಗೀತ ಹಕ್ಕುಗಳ ಸಂಘ ಗೇಮಾ ಹೂಡಿದ್ದ ದಾವೆಯಲ್ಲಿ, ಚಾಟ್‌ಜಿಪಿಟಿ ತಯಾರಕ ಸಂಸ್ಥೆ ಓಪನ್‌ಎಐ ಮಾದರಿಗಳು ಒಂಬತ್ತು ಜರ್ಮನ್ ಹಾಡುಗಳ ಸಾಹಿತ್ಯವನ್ನು ಬಾಯಿಪಾಠ ಮಾಡಿಕೊಂಡಿವೆ, ಅದು ಕೃತಿಸ್ವಾಮ್ಯದ ಉಲ್ಲಂಘನೆ ಎಂದಿತು. ಡಿಸೆಂಬರ್‌ನಲ್ಲಿ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ, ಅಂದರೆ ಡಿಪಿಐಐಟಿ, ಎಐ ತರಬೇತಿಗೆ, ಅಂದರೆ ಕೃತಿಗಳನ್ನು ಉಣಿಸಿ ಯಂತ್ರಕ್ಕೆ ಕಲಿಸುವುದಕ್ಕೆ, ಹಕ್ಕುದಾರರು ಕೊಡಲೇಬೇಕಾದ ಕಡ್ಡಾಯ ಪರವಾನಗಿ ಇರಲಿ ಎಂಬ ಕರಡು ಪತ್ರ ಹೊರಡಿಸಿತು. ಬಹುಪಾಲು ಎಐ ಬಳಸಿಯೇ ತಯಾರಾದ ಕನ್ನಡ ಚಿತ್ರವೊಂದು ಅದೇ ವರ್ಷ ಬೆಂಗಳೂರಿನಿಂದ ಸೆನ್ಸಾರ್ ದಾಟಿ ಬಂದಿತ್ತು.

ಇಷ್ಟನ್ನೂ ಒಟ್ಟಿಗೆ ಓದಿದವರಿಗೆ ಒಂದು ಪ್ರಶ್ನೆ ಏಳುತ್ತದೆ. ಪ್ರೇಮಗೀತೆಗಳಲ್ಲಿ ಇರುವುದೇ ಚಂದ್ರ, ಮಳೆ, ಹೂವು, ಕಣ್ಣು. ಸಾವಿರ ವರ್ಷದಿಂದ ಎಲ್ಲರೂ ಬಳಸಿದ ಸಾಮಗ್ರಿ ಅದು. ಹಾಗಿದ್ದಮೇಲೆ ಯಂತ್ರ ಯಾರ ಸ್ವತ್ತನ್ನು ಮುಟ್ಟಿತು?

ಉತ್ತರ ಸಿಗಬೇಕಾದರೆ ಮೂರನ್ನು ಬಿಡಿಸಿ ನೋಡಬೇಕು: ಹೋಲಿಕೆಗೆ ತರುವ ವಸ್ತುವಾದ ಉಪಮಾನ, ಅದನ್ನು ಹೊತ್ತ ಸಾಲು, ಆ ಸಾಲು ಟ್ಯೂನಿನಲ್ಲೂ ಸನ್ನಿವೇಶದಲ್ಲೂ ಕೂರುವ ರೀತಿ. ಉಪಮಾನ ಯಾರ ಸ್ವತ್ತೂ ಅಲ್ಲ. ಸಾಲನ್ನು ಕಾನೂನು ಕಾಯುತ್ತದೆ. ಮೂರನೆಯದು ಗೀತರಚನಕಾರರ ನಿಜವಾದ ಕಸುಬು. ಸುದ್ದಿಗಳಲ್ಲಿ ಅದರ ಮಾತೇ ಇಲ್ಲ.

ಮಾತ್ರೆ ಲೆಕ್ಕವೂ ಅಲಂಕಾರವೂ

ಹತ್ತನೇ ತರಗತಿಯ ವ್ಯಾಕರಣ ಹೇಳುವಂತೆ ಉಪಮೆಗೆ ನಾಲ್ಕು ಅಂಗ. 'ನಿನ್ನ ಮೊಗ ಚಂದ್ರನಂತೆ ತಂಪು' ಎಂದರೆ ಮೊಗ ಉಪಮೇಯ, ಚಂದ್ರ ಉಪಮಾನ, ತಂಪು ಸಮಾನಧರ್ಮ, 'ಅಂತೆ' ಉಪಮಾವಾಚಕ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದು ಬಿಟ್ಟುಹೋದರೂ ಲುಪ್ತೋಪಮೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಕಾಲದಿಂದಲೂ ಕನ್ನಡದಲ್ಲಿ ಈ ಚರ್ಚೆ ಇದೆ.

ಸಿನಿಮಾ ಹಾಡಿನಲ್ಲಿ ಈ ಅಂಗಗಳು ಉದುರಲು ಶುರುವಾಗುತ್ತವೆ, ಏಕೆಂದರೆ ಇಂದು ಹೆಚ್ಚಾಗಿ ಟ್ಯೂನ್ ಮೊದಲು ಬರುತ್ತದೆ. ಸಂಗೀತ ನಿರ್ದೇಶಕರು 'ತನನ' ಎಂದೋ ಡಮ್ಮಿ ಪದ ಹಾಕಿಯೋ ಹಾಡಿ ಕಳಿಸುತ್ತಾರೆ. ಬರೆಯುವವರು ಅದರ ಮೇಲೆ ಮಾತ್ರೆ, ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ, ಎಣಿಸುತ್ತಾರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ, ಅನುಸ್ವಾರ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು, ಉಳಿದವು ಲಘು. 'ನೀನು ಚಂದ್ರನಂತೆ' ಎಂದರೆ ಒಂಬತ್ತು ಮಾತ್ರೆ. 'ನೀನು ಚಂದ್ರ' ಎಂದರೆ ಆರು. ಟ್ಯೂನಿನಲ್ಲಿ ಆರು ಮಾತ್ರೆಯ ಜಾಗವಿದ್ದರೆ 'ಅಂತೆ' ಬೀಳುತ್ತದೆ, ಉಪಮೆ ರೂಪಕವಾಗುತ್ತದೆ. ಹಾಡುಗಳಲ್ಲಿ ರೂಪಕ ಇಷ್ಟು ದಟ್ಟವಾಗಿರುವುದಕ್ಕೆ ಭಾವದ ತೀವ್ರತೆ ಒಂದು ಕಾರಣ, ಜಾಗದ ಬಿಗಿ ಇನ್ನೊಂದು. ಹಳೆಯ ಕಾವ್ಯದಲ್ಲೂ ಇಂಥದೊಂದು ಹೊಂದಾಣಿಕೆ ಕಾಣುತ್ತದೆ. 'ರೂಪಕ ಸಾಮ್ರಾಜ್ಯ ಚಕ್ರವರ್ತಿ' ಎನಿಸಿಕೊಂಡ ಕುಮಾರವ್ಯಾಸ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ, ಅದರ ಮೊದಲ ಸಾಲಿಗೆ 14 ಮಾತ್ರೆ. 'ಉಪಮಾಲೋಲ' ಎನಿಸಿಕೊಂಡ ಲಕ್ಷ್ಮೀಶ ಬರೆದದ್ದು ವಾರ್ಧಕದಲ್ಲಿ, ಅದರ ಮೊದಲ ಸಾಲಿಗೆ 20. ಬಿರುದಿಗೆ ಛಂದಸ್ಸೊಂದೇ ಕಾರಣವಲ್ಲ, ನಿಜ. ಆದರೆ ಹೋಲಿಕೆಯನ್ನು ಬಿಡಿಸಿ ಹೇಳಲು ಉದ್ದ ಸಾಲು ಅನುಕೂಲ ಮಾಡಿಕೊಡುತ್ತದೆ ಎಂಬುದೂ ನಿಜ.

ಇದೇ ಲೆಕ್ಕ ಪದಗಳ ಆಯ್ಕೆಯನ್ನೂ ನಿರ್ಧರಿಸುತ್ತದೆ. ಶಶಿ ಎರಡು ಮಾತ್ರೆ, ಚಂದ್ರ ಮೂರು, ತಿಂಗಳು ಮತ್ತು ಚಂದಿರ ನಾಲ್ಕು, ಚಂದಮಾಮ ಆರು. ಬೆಳದಿಂಗಳೂ ಆರೇ, ಆದರೆ ಗುರು-ಲಘುಗಳ ಸಾಲು ಬೇರೆ. ಆಡುಮಾತಿನ 'ಮನಸ್ಸು' ಹಾಡಿಗೆ ಬಂದಾಗ 'ಮನಸು' ಆಗುವುದಕ್ಕೂ ಕಾರಣ ಇದೇ. ಒತ್ತಕ್ಷರ ಹೋದರೆ ನಾಲ್ಕು ಮಾತ್ರೆ ಮೂರಾಗುತ್ತದೆ. ಹಾಗಾದ ಕೂಡಲೇ ಅದು ಮೂರು ಲಘುವಿನ 'ಕನಸು'ವಿಗೆ ಸರಿಜೋಡಿ. ಉಸಿರು-ಹೆಸರು-ಹಸಿರು, ಪ್ರೀತಿ-ರೀತಿ-ಭೀತಿ ಜೋಡಿಗಳು ಸವೆದುಹೋಗುವಷ್ಟು ಬಳಕೆಯಾದದ್ದೂ ಹೀಗೆಯೇ: ಪ್ರಾಸವೂ ಸರಿ, ಮಾತ್ರೆಯೂ ಸರಿ, ಯೋಚಿಸುವ ಕೆಲಸವೇ ಉಳಿಯುವುದಿಲ್ಲ.

ಇನ್ನು ಸ್ವರಾಕ್ಷರ. ಟ್ಯೂನ್ ಮೇಲಿನ ಷಡ್ಜಕ್ಕೆ ಏರಿ ಅಲ್ಲೇ ನಿಲ್ಲುವ ಕಡೆ 'ಆ'ಕಾರ ಸಿಕ್ಕರೆ ಗಾಯಕರ ಬಾಯಿ ತೆರೆಯುತ್ತದೆ, ದನಿ ಹರಡುತ್ತದೆ. ಅಲ್ಲಿ 'ಇ'ಕಾರ ಬಂದರೆ ದನಿ ಕಿರಿದಾಗುತ್ತದೆ. ಅರ್ಥದಲ್ಲಿ ಸೊಗಸಾದ ಎಷ್ಟೋ ಸಾಲು ರೆಕಾರ್ಡಿಂಗ್ ದಿನ ಬದಲಾಗುವುದು ಇದೇ ಕಾರಣಕ್ಕೆ.

ಒಂದು ಸಾಲು ಕೂರುವ ಬಗೆ

ಸನ್ನಿವೇಶ ಇದು ಎಂದುಕೊಳ್ಳೋಣ. ಬೆಂಗಳೂರಿನ ಒಂದು ಬಾಡಿಗೆ ಮನೆ, ಹೊಸದಾಗಿ ಮದುವೆಯಾದ ಜೋಡಿ. ಅವನದು ರಾತ್ರಿ ಪಾಳಿ, ಅವಳದು ಬೆಳಗಿನ ಪಾಳಿ. ಅವನು ಬರುವ ಹೊತ್ತಿಗೆ ಅವಳು ಹೊರಡುವ ತಯಾರಿಯಲ್ಲಿರುತ್ತಾಳೆ. ಟ್ಯೂನ್ ಮೂರು ಮಾತ್ರೆಯ ನಡೆ, ಸಾಲಿಗೆ ಅಂಥ ನಾಲ್ಕು ಗಣ, ಒಟ್ಟು ಹನ್ನೆರಡು ಮಾತ್ರೆ.

ತಕ್ಷಣ ಹೊಳೆಯುವ ಸಾಲು 'ನೀನೆ ನನ್ನ ಬಾಳ ಕನಸು'. ಮಾತ್ರೆ ಸರಿಯಾಗಿದೆ, ಹಾಡಲೂ ಬರುತ್ತದೆ. ಆದರೆ ಅದನ್ನು ಈ ಜೋಡಿಯ ಬದಲು ಕಾಲೇಜು ಹುಡುಗನಿಗೆ ಕೊಟ್ಟರೂ, ರಾಜಕುಮಾರನಿಗೆ ಕೊಟ್ಟರೂ ಏನೂ ವ್ಯತ್ಯಾಸವಾಗುವುದಿಲ್ಲ. ಅದರ ದೋಷವೇ ಅದು.

ಇನ್ನೊಂದು ಪ್ರಯತ್ನ: 'ನಿನ್ನ ಬೆಳಗು ನನ್ನ ಇರುಳ / ಬಾಗಿಲಲ್ಲಿ ಬಿಟ್ಟ ಚಪ್ಪಲಿ'. ಮನೆಯೊಳಗೆ ಅವಳು ಇನ್ನೂ ಇದ್ದಾಳೆ ಎಂಬುದಕ್ಕೆ ಬಾಗಿಲಲ್ಲಿ ಕಾಣುವ ಗುರುತು ಚಪ್ಪಲಿ. ಇನ್ನು ಹತ್ತು ನಿಮಿಷಕ್ಕೆ ಅದು ಅಲ್ಲಿರುವುದಿಲ್ಲ ಎಂಬ ತಳಮಳವೂ ಅದರಲ್ಲೇ ಇದೆ. ಈ ರೂಪಕ ಬೇರೆ ಸಿನಿಮಾಕ್ಕೆ ಹೊಂದುವುದಿಲ್ಲ. ಆದರೆ ಎರಡನೆಯ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚು. ಬಾಗಿ, ಲಲ್ಲಿ, ಬಿಟ್ಟ, ಚಪ್ಪ ಸೇರಿ ಹನ್ನೆರಡು, ಮೇಲೆ 'ಲಿ' ಉಳಿಯಿತು. 'ಮೆಟ್ಟು' ಎಂದರೆ ಮೂರೇ ಮಾತ್ರೆ, ಸಾಲು ತುಂಬುತ್ತದೆ. ಆದರೆ ಐಟಿ ಕಂಪನಿಯ ಬಸ್ಸಿಳಿದು ಬರುವ ಹುಡುಗ ಹೆಂಡತಿಯ ಚಪ್ಪಲಿಯನ್ನು ಮೆಟ್ಟು ಎನ್ನುವುದಿಲ್ಲ. ಉಳಿಯುವ ದಾರಿ ಎರಡು. ಸಾಲಿನ ಕೊನೆಯಲ್ಲಿ ಹಿನ್ನೆಲೆ ಸಂಗೀತ (ಬಿಜಿಎಂ) ಬರುವ ಮುನ್ನ ಇರುವ ಖಾಲಿ ಜಾಗಕ್ಕೆ 'ಲಿ'ಯನ್ನು ಜಾರಿಸುವುದು, ಅಥವಾ ಅಲ್ಲೊಂದು ಸ್ವರ ಹೆಚ್ಚಿಸಿ ಎಂದು ಸಂಗೀತ ನಿರ್ದೇಶಕರನ್ನು ಕೇಳುವುದು. ಗೀತರಚನೆಯ ಬಹುಪಾಲು ಸಮಯ ಹೋಗುವುದು ಇಂಥ ಚೌಕಾಸಿಯಲ್ಲಿ.

ಉಪಮಾನಕ್ಕೂ ಊರಿದೆ

ಚಳಿ ದೇಶದ ಹಾಡುಗಳಲ್ಲಿ ಪ್ರೇಮ ಎಂದರೆ ಬೆಚ್ಚಗೆ, ಪ್ರೇಯಸಿ ಬಿಸಿಲು. ಕನ್ನಡದಲ್ಲಿ ಪ್ರೇಮದ ಕಡೆಗಿರುವುದು ತಂಪು: ಬೆಳದಿಂಗಳು, ತಂಗಾಳಿ, ನೆರಳು, ಸೋನೆ. ಬಿಸಿಲು, ಬೇಗೆ, ಕಿಚ್ಚು ವಿರಹದ ಪಾಲು. ಮಳೆಗಾಲದ ಮಲೆನಾಡಿನ ಹಾಡಿನಲ್ಲಿ 'ಬೆಚ್ಚನೆಯ ಅಪ್ಪುಗೆ' ಒಪ್ಪುತ್ತದೆ, ಏಕೆಂದರೆ ಸುತ್ತ ನೀರಿದೆ. ಅದೇ ಮಾತನ್ನು ಏಪ್ರಿಲ್ ತಿಂಗಳ ಕಲಬುರಗಿಯ ಕಥೆಗೆ ಹಾಕಿದರೆ ಕೇಳುವವರು ಮೈ ಕೊಡವಿಕೊಳ್ಳುತ್ತಾರೆ.

ದೇಹದ ಅಂಗಗಳೂ ಕೆಲಸ ಹಂಚಿಕೊಂಡಿವೆ. ಪ್ರೇಮದ ನಡುಕ ಎದೆಯಲ್ಲಿ, ತಾಯಿಯ ಸಂಕಟ ಕರುಳಿನಲ್ಲಿ, ಅಸೂಯೆ ಹೊಟ್ಟೆಯಲ್ಲಿ. 'ಹೊಟ್ಟೆಯೊಳಗೆ ಚಿಟ್ಟೆ ಹಾರಿದೆ' ಎಂಬ ಸಾಲು ಇಂಗ್ಲಿಷ್ ಬಲ್ಲವರಿಗೆ ತಟ್ಟನೆ ಅರ್ಥವಾದರೂ ಹಾಡಾಗಿ ನಿಲ್ಲದಿರುವುದು ಇದಕ್ಕೇ.

ಒಂದೇ ಉಪಮಾನ ಸನ್ನಿವೇಶ ಬದಲಾದಾಗ ತಲೆಕೆಳಗೂ ಆಗುತ್ತದೆ. ಹಳೆಯ ಕಾವ್ಯಗಳ ಚಂದ್ರೋಪಾಲಂಭದಲ್ಲಿ ವಿರಹಿಗಳು ಚಂದ್ರನನ್ನು ಬೈಯುತ್ತಾರೆ, ತಂಪಿನ ಅದೇ ಬೆಳಕು ಅವರನ್ನು ಸುಡುತ್ತದೆ. ಚಂದ್ರ ಎಂಬ ಪದಕ್ಕೆ ತನ್ನಷ್ಟಕ್ಕೆ ತಾನೇ ಪ್ರೇಮದ ಅರ್ಥವಿಲ್ಲ. ಹಾಡುತ್ತಿರುವವರು ಯಾರು, ಯಾವ ಗಳಿಗೆಯಲ್ಲಿ ಹಾಡುತ್ತಿದ್ದಾರೆ ಎಂಬುದು ಅರ್ಥ ಕೊಡುತ್ತದೆ.

2006ರ 'ಮುಂಗಾರು ಮಳೆ'ಯ ನಂತರ ಹಲವು ವರ್ಷ ಕನ್ನಡ ಪ್ರೇಮಗೀತೆಗಳಲ್ಲಿ ಮಳೆ ಬಿಡಲೇ ಇಲ್ಲ. ಮೂಲದಲ್ಲಿ ಮಳೆ ಕಥೆಯ ಒಂದು ಪಾತ್ರವಾಗಿತ್ತು, ಊರು ಮಡಿಕೇರಿಯಾಗಿತ್ತು. ಅನುಕರಣೆಯಲ್ಲಿ ಉಳಿದದ್ದು ಹನಿ ಎಂಬ ಪದ ಮಾತ್ರ. ಸವಕಲು ರೂಪಕ ಯಂತ್ರದ ಆವಿಷ್ಕಾರವೇನಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಯಂತ್ರ ಎಡವುವ ಜಾಗ

ಭಾಷಾ ಮಾದರಿ ಅಕ್ಷರ ಓದುವುದಿಲ್ಲ, ಪಠ್ಯವನ್ನು ತುಂಡು ಮಾಡಿದ ಟೋಕನ್‌ಗಳನ್ನು ಓದುತ್ತದೆ. 'ಚಂದ್ರ' ನಮಗೆ ಎರಡು ಅಕ್ಷರ, ಮೂರು ಮಾತ್ರೆ. ಯೂನಿಕೋಡ್‌ನಲ್ಲಿ ಅದು ಚ, ಸೊನ್ನೆ, ದ, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ, ರ ಎಂಬ ಐದು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್‌ನಂತೆ ಹದಿನೈದು ಬೈಟ್. ಟೋಕನ್‌ಗಳ ಗಡಿ ಎಲ್ಲಿ ಬೀಳುತ್ತದೆ ಎಂಬುದಕ್ಕೂ ಗುರು-ಲಘುವಿಗೂ ಸಂಬಂಧವಿಲ್ಲ. ಹಾಗಾಗಿ ಹನ್ನೆರಡು ಮಾತ್ರೆಯ ಸಾಲು ಕೇಳಿದರೆ ಹದಿನಾಲ್ಕೋ ಹತ್ತೋ ಬರುವುದು ಸಾಮಾನ್ಯ. ಗಾಯನವನ್ನೂ ತಾನೇ ಮಾಡುವ ಸಾಫ್ಟ್‌ವೇರ್ ಈ ಹೆಚ್ಚುಕಡಿಮೆಯನ್ನು ಸ್ವರ ಎಳೆದು ಮುಚ್ಚುತ್ತದೆ, ಆಗ ಲಘು ಅಕ್ಷರ ದೀರ್ಘವಾಗಿ ಕೇಳಿಸುತ್ತದೆ. ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಕೆಡಬಹುದು: ಕರು ಕಾರು ಆಗುತ್ತದೆ, ಬಳೆ ಬಾಳೆ ಆಗುತ್ತದೆ.

ಎರಡನೆಯ ತೊಡಕು ಸಂಭವನೀಯತೆ. ಮುಂದಿನ ತುಂಡು ಯಾವುದಿರಬಹುದು ಎಂದು ಅಂದಾಜಿಸುವುದೇ ಮಾದರಿಯ ಕೆಲಸ. ಹಿಂದೆ ಹೆಚ್ಚು ಸಲ ಕಂಡದ್ದೇ ಮುಂದಕ್ಕೆ ಬರುತ್ತದೆ. 'ಕನ್ನಡದಲ್ಲಿ ಪ್ರೇಮಗೀತೆ' ಎಂದಷ್ಟೇ ಕೇಳಿದರೆ ಮನಸು-ಕನಸು ಸಿಗುವುದು ಸಹಜ. ಇಂಗ್ಲಿಷ್ ಪಠ್ಯ ಅದರ ಓದಿನಲ್ಲಿ ಬಹಳ ಹೆಚ್ಚಿರುವುದರಿಂದ ಕನ್ನಡ ಪದಗಳೊಳಗೆ ಚಳಿ ದೇಶದ ರೂಪಕಗಳು ಕೂತು ಬರುತ್ತವೆ. ಭಾಷೆಯ ಹದವೂ ತಪ್ಪುತ್ತದೆ. ಒಂದು ಸಾಲಿನಲ್ಲಿ 'ಮನದನ್ನೆ', ಮುಂದಿನದರಲ್ಲಿ 'ಸಿಗ್ನಲ್ ಕೊಟ್ಟೆ', ಮೂರನೆಯದರಲ್ಲಿ ಪತ್ರಿಕೆಯ ವರದಿ ಭಾಷೆ.

ಸನ್ನಿವೇಶ, ಊರು, ವಯಸ್ಸು, ಮಾತಿನ ರೀತಿ ಎಲ್ಲ ವಿವರಿಸಿ ಕೇಳಿದರೆ ಫಲಿತಾಂಶ ಸುಧಾರಿಸುತ್ತದೆ. ಆದರೆ ಅಷ್ಟನ್ನು ವಿವರಿಸಬಲ್ಲವರು ಅರ್ಧ ಹಾಡು ಬರೆದೇ ಆಗಿರುತ್ತದೆ.

ಕಾನೂನು ಕಾಯುವುದು ಯಾವುದನ್ನು

ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರದು. ಹಾಡಿನ ಸಾಹಿತ್ಯ ಅದರಡಿ ಸಾಹಿತ್ಯ ಕೃತಿ, ಬರೆದವರ ಜೀವಿತಾವಧಿ ಮತ್ತು ನಂತರದ 60 ವರ್ಷ ರಕ್ಷಣೆ. ಆದರೆ ವಿಚಾರಕ್ಕೆ, ವಸ್ತುವಿಗೆ ಕೃತಿಸ್ವಾಮ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ರಕ್ಷಣೆ ಇರುವುದು ಅಭಿವ್ಯಕ್ತಿಗೆ. ಅದನ್ನು ಹಾಡಿಗೆ ಅನ್ವಯಿಸಿದರೆ, ಮುಖವನ್ನು ಚಂದ್ರನಿಗೆ ಹೋಲಿಸುವ ಹಕ್ಕು ಎಲ್ಲರದು, ಹಾಗೆ ಹೋಲಿಸಿ ಕಟ್ಟಿದ ನಿರ್ದಿಷ್ಟ ಪಲ್ಲವಿ ಬರೆದವರದು.

ಮ್ಯೂನಿಕ್ ತೀರ್ಪು ನಿಂತಿರುವುದೂ ಇಲ್ಲೇ. ಅಲ್ಲಿ ಪ್ರಶ್ನೆಯಾದದ್ದು ರೂಪಕದ ಎರವಲು ಅಲ್ಲ, ಇಡೀ ಸಾಹಿತ್ಯ ಹೆಚ್ಚುಕಡಿಮೆ ಹಾಗೆಯೇ ಹೊರಬಂದದ್ದು. ಲಂಡನ್ ಪ್ರಕರಣದಲ್ಲಿದ್ದದ್ದು ಚಿತ್ರ, ಅಲ್ಲಿ ಮಾದರಿಯೊಳಗೆ ಪ್ರತಿ ಉಳಿದಿದೆ ಎಂದು ನ್ಯಾಯಾಲಯ ಒಪ್ಪಲಿಲ್ಲ. ಪತ್ರಿಕೆಗಳಲ್ಲಿ ತದ್ವಿರುದ್ಧವಾಗಿ ಕಂಡ ಎರಡು ತೀರ್ಪುಗಳ ನಡುವೆ ಈ ವ್ಯತ್ಯಾಸವಿದೆ. ಎರಡೂ ಭಾರತದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ನಮ್ಮಲ್ಲಿ ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರ್‌ನಲ್ಲಿ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟ್‌ಗೆ ಹೋಯಿತು. ಆ ಪ್ರಕರಣದಲ್ಲಿ ತಮ್ಮನ್ನೂ ಸೇರಿಸಿಕೊಳ್ಳಿ ಎಂದು ಸಂಗೀತ ಕಂಪನಿಗಳು 2025ರಲ್ಲಿ ಕೇಳಿಕೊಂಡವು.

ಯಂತ್ರ ಬರೆದ ಹಾಡಿನ ಕರ್ತೃ ಯಾರು ಎಂಬುದಕ್ಕೆ ನಮ್ಮ ಕಾಯ್ದೆಯಲ್ಲಿ ಒಂದು ಸಾಲು ಇದೆ. 1994ರ ತಿದ್ದುಪಡಿಯಲ್ಲಿ ಸೇರಿದ 2(ಡಿ)(vi) ಕಲಮಿನ ಪ್ರಕಾರ ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ, ಆ ಕೃತಿ ಉಂಟಾಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ. ಇಂದಿನ ಎಐ ಹುಟ್ಟುವ ಮೊದಲೇ ಬರೆದ ಸಾಲು ಅದು. ನಾಲ್ಕು ಪದದ ಸೂಚನೆ ಟೈಪ್ ಮಾಡಿದವರೂ ಅದರಡಿ ಕರ್ತೃವೇ ಎಂಬುದು ಇತ್ಯರ್ಥವಾಗಬೇಕಿದೆ.

ಯಾರ ವಾದ ಏನು

ಎಐ ಕಂಪನಿಗಳ ವಾದ ಹೀಗಿದೆ: ಹೊಸ ಕವಿಯೂ ಹಳೆಯ ಹಾಡು ಕೇಳಿಯೇ ಕಲಿಯುತ್ತಾನೆ, ಎಐ ಮಾದರಿಯೂ ಹಾಗೆಯೇ ವಿನ್ಯಾಸಗಳನ್ನು ಗುರುತಿಸುತ್ತದೆ, ಕಲಿಕೆಗೆ ಅನುಮತಿ ಬೇಡ. ಐಟಿ ಕಂಪನಿಗಳ ಸಂಘ ನಾಸ್ಕಾಂ ಕೂಡ ಡಿಪಿಐಐಟಿ ಪತ್ರಕ್ಕೆ ಭಿನ್ನಮತ ಸೂಚಿಸಿ, ತರಬೇತಿಗೆ ಕಾನೂನಿನಲ್ಲಿ ವಿನಾಯಿತಿ ಇರಲಿ ಎಂದಿದೆ. ಹಕ್ಕುದಾರರ ವಾದ: ಕವಿ ಕ್ಯಾಸೆಟ್ಟಿಗೋ ಚಂದಾಕ್ಕೋ ದುಡ್ಡು ಕೊಟ್ಟಿದ್ದ, ಕಲಿತ ಮೇಲೆ ದಿನಕ್ಕೆ ಲಕ್ಷ ಹಾಡು ಬರೆದು ಗುರುವಿನ ಮಾರುಕಟ್ಟೆ ಕೆಡಿಸಲಿಲ್ಲ. ಡಿಪಿಐಐಟಿ ಪತ್ರ ನಡುದಾರಿ ಹಿಡಿದಿದೆ. ಕಾನೂನುಬದ್ಧವಾಗಿ ಸಿಗುವ ಎಲ್ಲ ಕೃತಿಗಳನ್ನು ತರಬೇತಿಗೆ ಬಳಸಬಹುದು, ಹಕ್ಕುದಾರರು ಬೇಡ ಎನ್ನುವಂತಿಲ್ಲ. ಬದಲಿಗೆ ಎಐ ವ್ಯವಸ್ಥೆ ಹಣ ಗಳಿಸಲು ಶುರುಮಾಡಿದಾಗ ಒಂದು ಕೇಂದ್ರ ಸಂಸ್ಥೆಯ ಮೂಲಕ ರಾಯಧನ ಕೊಡಬೇಕು.

ಈ ನಡುದಾರಿ ಕೇಳಲು ನ್ಯಾಯವಾಗಿದೆ, ಆದರೆ ಕನ್ನಡಕ್ಕೆ ಅದರಲ್ಲೊಂದು ಅಪಾಯವಿದೆ. ರಾಯಧನ ಹಂಚುವ ಸೂತ್ರ ಪಠ್ಯದ ಪ್ರಮಾಣವನ್ನು ಅವಲಂಬಿಸಿದರೆ ಅಂತರ್ಜಾಲದಲ್ಲಿ ಕಡಿಮೆ ಪಠ್ಯವಿರುವ ಭಾಷೆಗೆ ಚಿಲ್ಲರೆ ಉಳಿಯುತ್ತದೆ. ಕಡಿಮೆ ಪಠ್ಯವಿರುವ ಭಾಷೆಯಲ್ಲಿ ಒಂದೊಂದು ಹಾಡಿನಿಂದ ಮಾದರಿ ಕಲಿಯುವುದು ಹೆಚ್ಚು, ಬಾಯಿಪಾಠವಾಗಿ ಹಾಗೆಯೇ ಹೊರಬರುವ ಸಾಧ್ಯತೆಯೂ ಇದೆ. ಅಂದರೆ ಕೊಡುಗೆ ದೊಡ್ಡದು, ಪಾಲು ಸಣ್ಣದು. ಸೂತ್ರ ಅಂತಿಮವಾಗುವ ಮೊದಲೇ ಕನ್ನಡದ ಬರಹಗಾರರು ಕೇಳಬೇಕಾದ ಮಾತು ಇದು.

ಗಾಂಧಿನಗರದಲ್ಲಿ ಏನಾಗಬಹುದು

ಪೆಟ್ಟು ಬೀಳುವುದು ಹೆಸರಾದವರಿಗೆ ಮೊದಲಲ್ಲ. ದೊಡ್ಡ ಚಿತ್ರದ ಪೋಸ್ಟರ್‌ಗೆ ಗೀತರಚನಕಾರರ ಹೆಸರೂ ಒಂದು ಬಂಡವಾಳ. ಕಡಿಮೆ ಬಜೆಟ್ ಚಿತ್ರ, ಯೂಟ್ಯೂಬ್ ಆಲ್ಬಂ, ಜಾಹೀರಾತು, ಬೇರೆ ಭಾಷೆಯಿಂದ ಡಬ್ ಆಗುವ ಹಾಡು ಇವುಗಳಲ್ಲಿ ಯಂತ್ರ ಮೊದಲು ನುಗ್ಗುತ್ತದೆ. ಹೊಸಬರು ಮಾತ್ರೆ ತಪ್ಪಿಸಿ, ತಿದ್ದಿಸಿಕೊಂಡು, ಕಸುಬು ಕಲಿಯುತ್ತಿದ್ದದ್ದು ಅಲ್ಲೇ. ಆ ಮೆಟ್ಟಿಲು ಹೋದರೆ ಹತ್ತು ವರ್ಷದ ನಂತರ ದೊಡ್ಡ ಚಿತ್ರಕ್ಕೆ ಬರೆಯುವವರು ಎಲ್ಲಿಂದ ಬರಬೇಕು?

ಹಣದ ಹರಿವೂ ಬದಲಾಗಬಹುದು. 2012ರ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದ ಆಚೆ ಹಾಡು ಬಳಕೆಯಾದಾಗ ಬರುವ ರಾಯಧನದ ಸಮಪಾಲನ್ನು ಗೀತರಚನಕಾರರು ಬೇಡವೆಂದರೂ ನಿರ್ಮಾಪಕರಿಗೆ ಬರೆದುಕೊಡಲಾಗದು. ಸಾಹಿತ್ಯವನ್ನು ಯಂತ್ರದಿಂದ ಬರೆಸಿ, 'ಉಂಟಾಗುವಂತೆ ಮಾಡಿದವನು ನಾನೇ' ಎಂದು ನಿರ್ಮಾಪಕರು ವಾದಿಸಿ ಗೆದ್ದರೆ ಆ ಪಾಲೂ ಅವರ ಕಡೆಗೇ ಹೋಗುತ್ತದೆ. ಯಂತ್ರ ಬಳಸಲು ಸಂಭಾವನೆಯ ಉಳಿತಾಯಕ್ಕಿಂತ ದೊಡ್ಡ ಆಸೆ ಇದು. ಇನ್ನೊಂದು ಕಡೆ, ಯಂತ್ರದ ಸಾಲು ಹಳೆಯ ಹಾಡೊಂದರ ಸಾಲೇ ಆಗಿಬಿಟ್ಟರೆ ದಾವೆ ಎದುರಿಸಬೇಕಾದವರೂ ನಿರ್ಮಾಪಕರೇ. ಗೀತರಚನಕಾರರಿದ್ದರೆ 'ಇದು ನನ್ನ ಸ್ವಂತ ರಚನೆ' ಎಂಬ ಅವರ ಲಿಖಿತ ಭರವಸೆ ಕೈಯಲ್ಲಿರುತ್ತದೆ. ಯಂತ್ರದಿಂದ ಅಂಥ ಕಾಗದ ಬರೆಸಿಕೊಳ್ಳಲು ಆಗುವುದಿಲ್ಲ.

ಬರೆಯುವವರು ಈಗ ಮಾಡಬಹುದಾದದ್ದು

ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣದಿಂದ ಹಕ್ಕು ಇರುತ್ತದೆ. ಆದರೆ ಸಾಬೀತು ಮಾಡಲು ಕರಡುಗಳು ಬೇಕು. ಟ್ಯೂನ್ ಬಂದ ವಾಟ್ಸಾಪ್ ಸಂದೇಶ, ಹೊಡೆದುಹಾಕಿದ ಸಾಲುಗಳಿರುವ ಹಾಳೆಯ ಫೋಟೋ, ತಿದ್ದುಪಡಿಯ ಇಮೇಲ್ ಯಾವುದನ್ನೂ ಅಳಿಸಬಾರದು. ಮನುಷ್ಯ ಬರೆದದ್ದು ಎಂದು ತೋರಿಸಲು 'ಚಪ್ಪಲಿ'ಯಿಂದ 'ಮೆಟ್ಟು'ವಿಗೆ ಹೋಗಿ ಮತ್ತೆ ಚಪ್ಪಲಿಗೆ ಬಂದ ಗುರುತಿಗಿಂತ ಒಳ್ಳೆಯ ದಾಖಲೆಯಿಲ್ಲ. ಮುಖ್ಯವಾದ ಹಾಡಿಗೆ ನೋಂದಣಿ ಮಾಡಿಸುವುದಾದರೆ ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ, ಆಕ್ಷೇಪಕ್ಕಾಗಿ 30 ದಿನ ಕಾಯಬೇಕಾಗುತ್ತದೆ.

ಹಕ್ಕು ವರ್ಗಾವಣೆ ಬಾಯಿಮಾತಿನಲ್ಲಿ ಆಗುವುದಿಲ್ಲ. 19ನೇ ಕಲಮಿನಂತೆ ಅದು ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಕಾನೂನು ಪರಿಗಣಿಸುತ್ತದೆ. ಅಡ್ವಾನ್ಸ್ ಚೆಕ್ ಸಿಕ್ಕ ಖುಷಿಯಲ್ಲಿ 'ಎಲ್ಲ ಮಾಧ್ಯಮ, ಎಲ್ಲ ಕಾಲ, ಇಡೀ ವಿಶ್ವ' ಎಂಬ ಸಾಲಿಗೆ ಸಹಿ ಹಾಕುವ ಮುನ್ನ ಎರಡು ವಾಕ್ಯ ಸೇರಿಸಲು ಕೇಳಬೇಕು. ಈ ಸಾಹಿತ್ಯವನ್ನು ಎಐ ತರಬೇತಿಗೆ ಕೊಡುವ ಹಕ್ಕು ಈ ಒಪ್ಪಂದದಲ್ಲಿ ಸೇರಿಲ್ಲ ಎಂಬುದು ಒಂದು. ಸಾಲುಗಳನ್ನು ಯಂತ್ರದಿಂದ ಬದಲಿಸಿದರೆ ಮೊದಲೇ ತಿಳಿಸಬೇಕು, ಬದಲಾದದ್ದಕ್ಕೆ ತನ್ನ ಹೆಸರು ಹಾಕಬಾರದು ಎಂಬುದು ಎರಡನೆಯದು. ಕಡ್ಡಾಯ ಪರವಾನಗಿ ಕಾನೂನಾದರೆ ಮೊದಲ ವಾಕ್ಯದ ಬಲ ಕುಂದಬಹುದು. ಎರಡನೆಯದಕ್ಕೆ 57ನೇ ಕಲಮಿನ ಬೆಂಬಲವಿದೆ: ಹಕ್ಕು ಮಾರಿದ ಮೇಲೂ ಕೃತಿಯ ಮೇಲೆ ತನ್ನ ಕರ್ತೃತ್ವ ಹೇಳಿಕೊಳ್ಳುವ, ತನ್ನ ಹೆಸರಿಗೆ ಕುಂದು ತರುವ ವಿರೂಪವನ್ನು ತಡೆಯುವ ಅಧಿಕಾರ ಬರೆದವರಲ್ಲೇ ಉಳಿಯುತ್ತದೆ.